ಹಿಂಸೆ ನಡೆದಾಗ ದಾರಿಹೋಕರ ಮಧ್ಯಪ್ರವೇಶ: ಸಂಸ್ಕೃತಿಗಳ ನಡುವಣ ವ್ಯತ್ಯಾಸಗಳು

ಹೊಡೆದಾಟ, ಹಲ್ಲೆ, ಕಿರುಕುಳದಂಥ ಹಿಂಸಾಕೃತ್ಯ ನಡೆಯುವಾಗ ಅದಕ್ಕೆ ಸಂಬಂಧಪಡದ ಮೂರನೆಯವರು ನಡುವೆ ಬಂದು ತಡೆಯುವುದು, ಪೆಟ್ಟು ತಿಂದವರನ್ನು ಕಾಪಾಡುವುದು ಅಥವಾ ನೆರವಿಗೆ ಬೇರೆಯವರನ್ನು ಕೂಗುವುದನ್ನು ಸಮಾಜ ಮನೋವಿಜ್ಞಾನವು ದಾರಿಹೋಕರ ಮಧ್ಯಪ್ರವೇಶ ಎಂದು ಗುರುತಿಸುತ್ತದೆ. ಕನ್ನಡದ ಆಡುಮಾತಿನಲ್ಲಿ ಇದು ‘ಜಗಳ ಬಿಡಿಸುವುದು’. ಬಿಡಿಸಲು ಹೋಗದವರ ಸಮಜಾಯಿಷಿಯೂ ಆಡುಮಾತಿನಲ್ಲೇ ಸಿದ್ಧವಾಗಿದೆ: ‘ಊರ ಉಸಾಬರಿ ನಮಗ್ಯಾಕೆ?’ ಇವೆರಡೂ ಎಲ್ಲ ಸಮಾಜಗಳಲ್ಲಿ ಇವೆ. ಯಾವುದು ಯಾವಾಗ ಮೇಲುಗೈ ಪಡೆಯುತ್ತದೆ ಎಂಬುದು ಮಾತ್ರ ಬೇರೆ ಬೇರೆ. ಕಳೆದ ಆರು ದಶಕಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ, ಸಂಸ್ಕೃತಿಗಳ ವ್ಯತ್ಯಾಸ ಕರುಣೆಯ ಪ್ರಮಾಣದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಯಾವ ಹಿಂಸೆ ಯಾರಿಗೆ ಸಂಬಂಧಪಟ್ಟದ್ದು, ಪೆಟ್ಟು ತಿನ್ನುತ್ತಿರುವವರು ‘ನಮ್ಮವರೇ’, ನಡುವೆ ಹೋದವರು ಮುಂದೆ ಏನನ್ನು ಎದುರಿಸಬೇಕು ಎಂಬ ಮೂರು ಪ್ರಶ್ನೆಗಳಿಗೆ ಸಮಾಜಗಳು ಕೊಡುವ ಉತ್ತರಗಳಲ್ಲಿ ಅದು ಎದ್ದು ಕಾಣುತ್ತದೆ.

ಅಧ್ಯಯನದ ಹಿನ್ನೆಲೆ

ಈ ಕ್ಷೇತ್ರ ಹುಟ್ಟಿದ್ದು ಒಂದು ಕೊಲೆಯಿಂದ. 1964ರ ಮಾರ್ಚ್ 13ರ ನಸುಕಿನಲ್ಲಿ ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಕಿಟ್ಟಿ ಜೆನೊವೀಸ್ ಎಂಬ ಯುವತಿಯನ್ನು ಆಕೆಯ ಮನೆಯ ಬಳಿಯೇ ಇರಿದು ಕೊಲ್ಲಲಾಯಿತು. ಎರಡು ವಾರಗಳ ಬಳಿಕ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿ, ಮೂವತ್ತಕ್ಕೂ ಹೆಚ್ಚು ಮಂದಿ ಕಿಟಕಿಗಳಿಂದ ನೋಡುತ್ತಿದ್ದರೂ ಒಬ್ಬರೂ ಪೊಲೀಸರಿಗೆ ತಿಳಿಸಲಿಲ್ಲ ಎಂದು ಹೇಳಿತು. ‘38 ಸಾಕ್ಷಿಗಳು’ ಎಂಬ ಮಾತು ಮಹಾನಗರದ ನಿರ್ದಯತೆಗೆ ಪರ್ಯಾಯಪದವಾಯಿತು.

ಈ ಘಟನೆಯ ಬೆನ್ನು ಹಿಡಿದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ 1968ರಲ್ಲಿ ಹೆಸರಾಂತ ಪ್ರಯೋಗವೊಂದನ್ನು ಪ್ರಕಟಿಸಿದರು. ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ಇಂಟರ್‌ಕಾಮ್‌ನಲ್ಲಿ ಮಾತಾಡುತ್ತಿದ್ದ ವಿದ್ಯಾರ್ಥಿಗಳಿಗೆ ಒಬ್ಬಾತ ಮೂರ್ಛೆರೋಗದಿಂದ ಒದ್ದಾಡುವ ಸದ್ದು ಕೇಳುವಂತೆ ಮಾಡಲಾಗಿತ್ತು. ಕೇಳುತ್ತಿರುವುದು ತಾನೊಬ್ಬನೇ ಎಂದುಕೊಂಡವರಲ್ಲಿ ಶೇ. 85ರಷ್ಟು ಮಂದಿ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದು ನಂಬಿದವರಲ್ಲಿ ಹಾಗೆ ಎದ್ದವರು ಶೇ. 31 ಮಾತ್ರ. ನೋಡುವವರು ಹೆಚ್ಚಿದಷ್ಟೂ ಹೊಣೆ ಹಂಚಿಹೋಗುತ್ತದೆ ಎಂಬ ಈ ತೀರ್ಮಾನ ‘ಬೈಸ್ಟ್ಯಾಂಡರ್ ಎಫೆಕ್ಟ್’ ಎಂದು ಪ್ರಸಿದ್ಧವಾಯಿತು. ಗಮನಿಸುವುದು, ಇದು ಆಪತ್ತು ಎಂದು ಅರ್ಥಮಾಡಿಕೊಳ್ಳುವುದು, ಹೊಣೆ ತನ್ನದೆಂದುಕೊಳ್ಳುವುದು, ಏನು ಮಾಡಬೇಕೆಂದು ತೀರ್ಮಾನಿಸುವುದು, ಮಾಡುವುದು ಎಂಬ ಐದು ಹಂತಗಳನ್ನೂ ಅವರೇ ವಿವರಿಸಿದರು. ಸಂಸ್ಕೃತಿಯ ಪ್ರಭಾವ ಹೆಚ್ಚಾಗಿ ಎರಡನೆಯ ಮತ್ತು ಮೂರನೆಯ ಹಂತಗಳಲ್ಲಿ ಕೆಲಸ ಮಾಡುತ್ತದೆ.

ಮೂಲ ಕಥೆ ಮಾತ್ರ ಹಾಗೇ ಉಳಿಯಲಿಲ್ಲ. ರೇಚೆಲ್ ಮ್ಯಾನಿಂಗ್, ಮಾರ್ಕ್ ಲೆವಿನ್ ಮತ್ತು ಅಲನ್ ಕಾಲಿನ್ಸ್ 2007ರಲ್ಲಿ ನ್ಯಾಯಾಲಯದ ದಾಖಲೆಗಳನ್ನು ಪರಿಶೀಲಿಸಿ, 38 ಮಂದಿ ಸುಮ್ಮನೆ ನೋಡುತ್ತ ನಿಂತಿದ್ದರು ಎನ್ನಲು ಆಧಾರವಿಲ್ಲವೆಂದು ತೋರಿಸಿದರು. ಒಬ್ಬಾತ ಕಿಟಕಿಯಿಂದ ಗದರಿದ್ದರಿಂದ ಹಂತಕ ಮೊದಲ ಬಾರಿಗೆ ಓಡಿಹೋಗಿದ್ದ. ನೆರೆಮನೆಯ ಹೆಂಗಸೊಬ್ಬರು ಕೆಳಗಿಳಿದು ಬಂದು, ಕೊನೆಯುಸಿರು ಎಳೆಯುತ್ತಿದ್ದ ಯುವತಿಯನ್ನು ತಬ್ಬಿ ಹಿಡಿದಿದ್ದರು. 2016ರಲ್ಲಿ ಪತ್ರಿಕೆಯೇ ತನ್ನ ಹಳೆಯ ವರದಿಯಲ್ಲಿ ದೋಷವಿತ್ತೆಂದು ಒಪ್ಪಿಕೊಂಡಿತು. ಅಷ್ಟರೊಳಗೆ ‘ಯಾರೂ ಬರುವುದಿಲ್ಲ’ ಎಂಬ ಪಾಠ ಅರ್ಧ ಶತಮಾನದ ಕಾಲ ಪಠ್ಯಪುಸ್ತಕಗಳಲ್ಲಿ ಬೇರೂರಿತ್ತು.

ಕ್ಯಾಮೆರಾ ಕಂಡ ಬೀದಿಜಗಳ

ಪ್ರಯೋಗಶಾಲೆಯಲ್ಲಿ ನಿಜವಾದ ಹಿಂಸೆಯನ್ನು ತೋರಿಸುವಂತಿಲ್ಲ. ಬೀದಿಯ ಸಿಸಿಟಿವಿ ಕ್ಯಾಮೆರಾಗಳು ಬಂದ ಮೇಲೆ ಈ ಕೊರತೆ ನೀಗಿತು. ರಿಚರ್ಡ್ ಫಿಲ್ಪಾಟ್ ಮತ್ತು ಸಂಗಡಿಗರು ಬ್ರಿಟನ್ನಿನ ಲ್ಯಾಂಕಾಸ್ಟರ್, ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಂ ಹಾಗೂ ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರಗಳಲ್ಲಿ ಸೆರೆಯಾದ 219 ಬೀದಿಜಗಳಗಳ ದೃಶ್ಯಗಳನ್ನು ಪರಿಶೀಲಿಸಿದರು. ಹತ್ತರಲ್ಲಿ ಒಂಬತ್ತು ಪ್ರಕರಣಗಳಲ್ಲಿ ಕನಿಷ್ಠ ಒಬ್ಬರಾದರೂ ನಡುವೆ ಬಂದಿದ್ದರು. ಹಾಗೆ ಬಂದವರ ಸರಾಸರಿ ಸಂಖ್ಯೆ ಸುಮಾರು ನಾಲ್ಕು. ಕೈ ಅಡ್ಡ ಹಿಡಿಯುವುದು, ಹೊಡೆಯುವವನನ್ನು ಎಳೆದುಕೊಂಡು ಹೋಗುವುದು, ಸಮಾಧಾನ ಹೇಳುವುದು, ಬಿದ್ದವರನ್ನು ಎತ್ತುವುದು ಇವೆಲ್ಲ ಆ ಲೆಕ್ಕದಲ್ಲಿ ಸೇರಿವೆ. ಸುತ್ತ ಜನ ಹೆಚ್ಚಿದ್ದಷ್ಟೂ ಯಾರಾದರೊಬ್ಬರು ಮುಂದೆ ಬರುವ ಸಾಧ್ಯತೆಯೂ ಹೆಚ್ಚಿತ್ತು.

ಬೀದಿಯಲ್ಲಿ ಸುರಕ್ಷತೆಯ ಭಾವನೆ ಬಹಳ ಕಡಿಮೆಯಿರುವ ಕೇಪ್‌ಟೌನ್‌ಗೂ ಉಳಿದೆರಡು ನಗರಗಳಿಗೂ ಈ ವಿಷಯದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಪೀಟರ್ ಫಿಷರ್ ಮತ್ತು ಇತರರು 2011ರಲ್ಲಿ ಹಳೆಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಮಾಡಿದ ವಿಶ್ಲೇಷಣೆಯೂ ಇದಕ್ಕೆ ಹೊಂದುತ್ತದೆ: ಅಪಾಯ ಸ್ಪಷ್ಟವಾಗಿದ್ದಾಗ, ದುಷ್ಕರ್ಮಿ ಎದುರಿಗೇ ಇದ್ದಾಗ ಬೈಸ್ಟ್ಯಾಂಡರ್ ಎಫೆಕ್ಟ್ ದುರ್ಬಲವಾಗುತ್ತದೆ. ಎಲ್ಲರ ಕಣ್ಣೆದುರಿನ ಜಗಳವನ್ನು ಬಿಡಿಸುವ ಪ್ರವೃತ್ತಿ ಮನುಷ್ಯರಲ್ಲಿ ವ್ಯಾಪಕವಾಗಿರುವಂತಿದೆ. ಹಾಗಾದರೆ ಸಂಸ್ಕೃತಿಗಳ ವ್ಯತ್ಯಾಸವನ್ನು ಬೇರೆಡೆ ಹುಡುಕಬೇಕಾಗುತ್ತದೆ.

ಅಪರಿಚಿತರಿಗೆ ನೆರವು: ನಗರದಿಂದ ನಗರಕ್ಕೆ

ಹಿಂಸೆಯಿಲ್ಲದ ಸಣ್ಣಪುಟ್ಟ ನೆರವಿನ ವಿಷಯದಲ್ಲಿ ನಗರಗಳ ನಡುವಿನ ಅಂತರ ದೊಡ್ಡದು. ರಾಬರ್ಟ್ ಲೆವಿನ್, ಆರಾ ನೊರೆಂಜಯಾನ್ ಮತ್ತು ಕರೆನ್ ಫಿಲ್‌ಬ್ರಿಕ್ 23 ದೇಶಗಳ ದೊಡ್ಡ ನಗರಗಳಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ಪರೀಕ್ಷೆಗಳಿದ್ದವು: ಪೆನ್ನು ಬಿದ್ದದ್ದನ್ನು ಹೇಳುವುದು, ಕಾಲುನೋವಿನವನಿಗೆ ಕೆಳಗೆ ಬಿದ್ದ ಪತ್ರಿಕೆಗಳನ್ನು ಎತ್ತಿಕೊಡುವುದು, ಅಂಧರನ್ನು ರಸ್ತೆ ದಾಟಿಸುವುದು. ಬ್ರೆಜಿಲಿನ ರಿಯೊ ಡಿ ಜನೈರೊ ಶೇ. 93ರೊಂದಿಗೆ ಮೊದಲ ಸ್ಥಾನದಲ್ಲಿತ್ತು, ಮಲೇಷ್ಯದ ಕ್ವಾಲಾಲಂಪುರ ಶೇ. 40ರೊಂದಿಗೆ ಕೊನೆಯಲ್ಲಿತ್ತು. ಭಾರತದಿಂದ ಸೇರಿದ್ದ ಕೋಲ್ಕತ್ತ ಮೇಲಿನ ಸಾಲಿನಲ್ಲಿತ್ತು, ನ್ಯೂಯಾರ್ಕ್ ತಳದ ಹತ್ತಿರ.

ಸಮುದಾಯನಿಷ್ಠ ಸಮಾಜಗಳು ಹೆಚ್ಚು ನೆರವಾಗುತ್ತವೆ, ವ್ಯಕ್ತಿನಿಷ್ಠ ಸಮಾಜಗಳು ಕಡಿಮೆ ಎಂಬ ಸುಲಭ ಊಹೆ ಇಲ್ಲಿ ನಿಲ್ಲಲಿಲ್ಲ. ಆರ್ಥಿಕವಾಗಿ ಉತ್ಪಾದಕತೆ ಹೆಚ್ಚಿರುವ ನಗರಗಳಲ್ಲಿ ನೆರವು ಕಡಿಮೆ ಎಂಬ ಸಂಬಂಧ ಮಾತ್ರ ಕಂಡಿತು. ಸ್ಪೇನ್ ಮತ್ತು ಲ್ಯಾಟಿನ್ ಅಮೆರಿಕದ ನಗರಗಳು ಸಾಮಾನ್ಯವಾಗಿ ಮುಂದಿದ್ದವು. ಅಲ್ಲಿನವರು ‘ಸಿಂಪತಿಯಾ’ ಎಂದು ಕರೆಯುವ, ಪರಿಚಯವಿಲ್ಲದವರೊಡನೆಯೂ ಸ್ನೇಹದಿಂದ ನಡೆದುಕೊಳ್ಳುವ ಗುಣಕ್ಕೆ ಸಂಶೋಧಕರು ಇದನ್ನು ಹೊಂದಿಸಿದರು. ಆದರೆ ಪೆನ್ನು ಎತ್ತಿಕೊಡುವ ಊರು ಚಾಕು ಹಿಡಿದವನನ್ನೂ ತಡೆದೀತು ಎಂದು ಈ ಅಂಕಿಗಳಿಂದ ಹೇಳಲಾಗದು.

ಕರ್ತವ್ಯದ ಭಾವನೆಯೇ ಬೇರೆಯೆಂದು ತೋರಿಸಿದ ಅಧ್ಯಯನದಲ್ಲಿ ಮೈಸೂರಿನ ಜನರ ಪಾಲಿದೆ. ಜೋನ್ ಮಿಲ್ಲರ್, ಡೇವಿಡ್ ಬರ್ಸಾಫ್ ಮತ್ತು ರಾಬಿನ್ ಹಾರ್‌ವುಡ್ 1990ರಲ್ಲಿ ಮೈಸೂರಿನವರ ಮತ್ತು ಅಮೆರಿಕದ ನ್ಯೂ ಹೇವನ್ ನಗರದವರ ಉತ್ತರಗಳನ್ನು ಹೋಲಿಸಿದರು. ಕಷ್ಟದಲ್ಲಿರುವವರಿಗೆ ನೆರವಾಗದಿರುವುದು ನೈತಿಕ ತಪ್ಪೇ, ಅವರವರ ಇಷ್ಟಕ್ಕೆ ಬಿಟ್ಟ ವಿಷಯವೇ ಎಂಬುದು ಪ್ರಶ್ನೆ. ಪ್ರಾಣಾಪಾಯವಿದ್ದಾಗ ಎರಡೂ ಕಡೆಯವರು ನೆರವನ್ನು ಕರ್ತವ್ಯವೆಂದರು. ಅಗತ್ಯ ಚಿಕ್ಕದಾದಾಗ ಮತ್ತು ಸಂಬಂಧ ದೂರವಾದಾಗ ಅಮೆರಿಕದವರು ಅದನ್ನು ವೈಯಕ್ತಿಕ ಆಯ್ಕೆಯೆಂದರೆ, ಮೈಸೂರಿನವರು ಆಗಲೂ ಕರ್ತವ್ಯವೆಂದೇ ಕಂಡರು.

ನಮ್ಮವರು, ಹೊರಗಿನವರು

‘ನಮ್ಮವರು’ ಎಂಬುದು ಜನ್ಮದಿಂದ ಬಂದ ಗಡಿಯಾಗಿರಬೇಕಿಲ್ಲ, ಆ ಹೊತ್ತಿಗೆ ಮನಸ್ಸಿನಲ್ಲಿರುವ ಗುರುತೇ ಸಾಕು. ಮಾರ್ಕ್ ಲೆವಿನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ ಅಭಿಮಾನಿಗಳ ಎದುರು ಓಡುತ್ತಿದ್ದವನೊಬ್ಬ ಜಾರಿ ಬೀಳುತ್ತಾನೆ. ತಮ್ಮ ತಂಡದ ಅಂಗಿ ತೊಟ್ಟಿದ್ದರೆ ಹೆಚ್ಚಿನವರು ಕೈ ನೀಡಿದರು, ಎದುರಾಳಿ ಲಿವರ್‌ಪೂಲ್‌ನ ಅಂಗಿಯಿದ್ದರೆ ಹಾಗೆ ಮಾಡಿದವರು ಕಡಿಮೆ. ತಂಡದ ಬದಲು ‘ಫುಟ್‌ಬಾಲ್ ಪ್ರೇಮಿ’ ಎಂಬ ವಿಶಾಲ ಗುರುತನ್ನು ಮೊದಲೇ ನೆನಪಿಸಿದಾಗ ಲಿವರ್‌ಪೂಲ್ ಅಂಗಿಯವನಿಗೂ ನೆರವು ಸಿಕ್ಕಿತು.

ಅಂಗಿಯ ಬದಲು ಜಾತಿ, ಕುಲ, ಮತ, ಊರು ಇರುವಲ್ಲಿಯೂ ಇದೇ ತರ್ಕ ಕೆಲಸ ಮಾಡುತ್ತದೆ. 1948ರಲ್ಲಿ ಮೈಸೂರು ಸೀಮೆಯ ‘ರಾಂಪುರ’ದಲ್ಲಿ ಕ್ಷೇತ್ರಕಾರ್ಯ ಮಾಡಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್, ಹಳ್ಳಿಯ ವ್ಯಾಜ್ಯಗಳನ್ನು ಊರ ಹಿರಿಯರು, ಜಾತಿಯ ಮುಖಂಡರು ಕೂತು ತೀರ್ಮಾನಿಸುತ್ತಿದ್ದ ಬಗೆಯನ್ನು ವಿವರವಾಗಿ ದಾಖಲಿಸಿದ್ದಾರೆ. ಅಂಥ ಊರಿನಲ್ಲಿ ಅಪರಿಚಿತ ನೋಡುಗ ಎಂಬ ಪಾತ್ರವೇ ಇಲ್ಲ. ಜಗಳವಾಡುವ ಇಬ್ಬರಿಗೂ ಎದುರಿಗಿರುವವನು ನಂಟನೋ ಒಕ್ಕಲೋ ಒಡೆಯನೋ ಆಗಿರುತ್ತಾನೆ. ನಡುವೆ ಹೋಗುವ ಅಧಿಕಾರ ಅವನ ಸ್ಥಾನದಿಂದ ಬರುತ್ತದೆ. ಈ ವ್ಯವಸ್ಥೆಯ ಬಲವೂ ಮಿತಿಯೂ ಒಂದೇ: ಬಲ್ಲವರ ನಡುವಿನ ಜಗಳ ಬೇಗ ನಿಲ್ಲುತ್ತದೆ, ಮೇಲಿನವನು ಕೆಳಗಿನವನ ಮೇಲೆ ಮಾಡುವ ಹಲ್ಲೆಗೆ ಅಡ್ಡಬರುವವರು ವಿರಳ.

ಮನೆಯೊಳಗಿನ ಹಿಂಸೆ

ಸಂಸ್ಕೃತಿಗಳ ನಡುವಿನ ಅಂತರ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಲ್ಲಿ. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂದು ಕನ್ನಡದ ಗಾದೆ ಹೇಳುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಯಾರೂ ಚಮಚ ಹಾಕುವುದಿಲ್ಲ ಎಂಬರ್ಥದ ಗಾದೆ ಬ್ರೆಜಿಲಿನಲ್ಲಿದೆ. ಅಪರಿಚಿತರಿಗೆ ಅಷ್ಟು ಧಾರಾಳವಾಗಿ ನೆರವಾಗುವ ಊರಿನ ದೇಶದಲ್ಲೇ ಈ ಗಾದೆಯೂ ಇದೆ.

ಲ್ಯಾನ್ಸ್ ಶಾಟ್‌ಲೆಂಡ್ ಮತ್ತು ಮಾರ್ಗರೆಟ್ ಸ್ಟ್ರಾ 1976ರಲ್ಲಿ ಅಮೆರಿಕದಲ್ಲಿ ನಡೆಸಿದ ಪ್ರಯೋಗ ಈ ಮನೋಭಾವವನ್ನು ಅಳೆಯಿತು. ಗಂಡಸೊಬ್ಬ ಹೆಂಗಸಿನ ಮೇಲೆ ಹಲ್ಲೆ ಮಾಡುವಂತೆ ನಟಿಸಲಾಯಿತು. ಆತ ಯಾರೋ ತನಗೆ ಗೊತ್ತಿಲ್ಲವೆಂದು ಆಕೆ ಕೂಗಿದಾಗ ನೋಡಿದವರಲ್ಲಿ ಶೇ. 65ರಷ್ಟು ಮಂದಿ ನಡುವೆ ಬಂದರು. ಆತನನ್ನು ಏಕಾದರೂ ಮದುವೆಯಾದೆನೋ ಎಂದು ಕೂಗಿದಾಗ ಬಂದವರು ಶೇ. 19 ಮಾತ್ರ. ಪೆಟ್ಟು ಅದೇ, ಕೂಗಿನ ಮಾತಷ್ಟೇ ಬೇರೆ. ಸಂಬಂಧದ ಹೆಸರು ಬದಲಾದೊಡನೆ ಆಪತ್ತು ‘ಮನೆ ವಿಷಯ’ವಾಯಿತು.

ಕರ್ನಾಟಕದ ಮೂರು ಹಳ್ಳಿಗಳ ಕುಂಬಾರ ಕುಟುಂಬಗಳ ನಡುವೆ ಅರ್ಥಶಾಸ್ತ್ರಜ್ಞ ವಿಜಯೇಂದ್ರ ರಾವ್ ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನ, ಹೆಂಡತಿಗೆ ಹೊಡೆಯುವುದು ತೀರಾ ವಿಪರೀತಕ್ಕೆ ಹೋಗದ ಹೊರತು ಊರಿನವರಿಗೆ ಅದು ಸಮಸ್ಯೆಯಾಗಿಯೇ ಕಾಣುವುದಿಲ್ಲವೆಂದು ದಾಖಲಿಸಿತು.

ಇದು ಎಲ್ಲ ಕಡೆಯ ನಿಯಮವಲ್ಲ. ಡೇವಿಡ್ ಲೆವಿನ್‌ಸನ್ 1989ರಲ್ಲಿ 90 ಸಣ್ಣ ಹಾಗೂ ಕೃಷಿಕ ಸಮಾಜಗಳ ಜನಾಂಗವರ್ಣನೆಗಳನ್ನು ಹೋಲಿಸಿ, ನೆರೆಹೊರೆಯವರು ಕೂಡಲೇ ನಡುವೆ ಬರುವ ಅಥವಾ ಹೆಣ್ಣಿಗೆ ಆಸರೆ ಕೊಡುವ ಸಮಾಜಗಳಲ್ಲಿ ಇಂಥ ಹಿಂಸೆ ಕಡಿಮೆಯೆಂದು ಕಂಡುಕೊಂಡರು. ಪಪುವ ನ್ಯೂಗಿನಿಯ ವಾಪೆ ಜನರಲ್ಲಿ ಹೆಂಡತಿಗೆ ಹೊಡೆಯುವುದು ಅಪರೂಪವೆಂದು ಮಾನವಶಾಸ್ತ್ರಜ್ಞ ವಿಲಿಯಂ ಮಿಚೆಲ್ ಬರೆದಿದ್ದಾರೆ. ಇಂಥ ಕಡೆಗಳಲ್ಲಿ ಮನೆಯ ಗೋಡೆ ಇದ್ದರೂ ಅದರ ಹಿಂದಿನ ಪೆಟ್ಟು ಊರಿನ ವಿಷಯವೇ ಆಗಿರುತ್ತದೆ.

ಗೌರವದ ಸಂಹಿತೆ

ಮನೆತನದ ಮಾನ, ಗಂಡಸಿನ ಗೌರವ ಇವನ್ನು ಬಲವಾಗಿ ಹಿಡಿದ ಸಮಾಜಗಳಲ್ಲಿ ಮಧ್ಯಪ್ರವೇಶಕ್ಕೆ ಎರಡು ಮುಖಗಳಿವೆ. ರಿಚರ್ಡ್ ನಿಸ್‌ಬೆಟ್ ಮತ್ತು ಡವ್ ಕೊಹೆನ್ 1996ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಬಗ್ಗೆ ತೋರಿಸಿದಂತೆ, ತನ್ನವರನ್ನು ರಕ್ಷಿಸಲು, ಅವಮಾನಕ್ಕೆ ಉತ್ತರ ಕೊಡಲು ಬಲಪ್ರಯೋಗ ಮಾಡುವುದನ್ನು ಅಲ್ಲಿನವರು ಉತ್ತರದವರಿಗಿಂತ ಹೆಚ್ಚು ಒಪ್ಪುತ್ತಾರೆ. ಆದರೆ ಆ ಸಂಹಿತೆಯೇ ಬೇರೊಬ್ಬನ ‘ಮನೆಯ ಮಾನ’ದೊಳಗೆ ತಲೆಹಾಕುವುದನ್ನು ತಡೆಯುತ್ತದೆ. ಜೋಸೆಫ್ ವ್ಯಾಂಡೆಲೊ ಮತ್ತು ಕೊಹೆನ್ 2003ರ ಪ್ರಯೋಗವೊಂದರಲ್ಲಿ, ಭಾವೀಪತಿ ಯುವತಿಯೊಬ್ಬಳನ್ನು ಒರಟಾಗಿ ತಳ್ಳುವ ನಟನೆಯನ್ನು ವಿದ್ಯಾರ್ಥಿಗಳು ನೋಡುವಂತೆ ಮಾಡಿ, ಆಮೇಲೆ ಅವರು ಅವಳೊಡನೆ ಏನು ಮಾತಾಡುತ್ತಾರೆಂದು ಗಮನಿಸಿದರು. ಅಮೆರಿಕದ ಉತ್ತರ ರಾಜ್ಯಗಳ ಬಿಳಿಯರು ಅವನನ್ನು ಬಿಟ್ಟುಬಿಡುವ ಕಡೆಗೆ ಮಾತು ತಿರುಗಿಸಿದರೆ, ದಕ್ಷಿಣದವರು ಮತ್ತು ಲ್ಯಾಟಿನೊ ಮೂಲದವರು ಹೊಂದಿಕೊಂಡು ಹೋಗುವ ಕಡೆಗೆ ಹೆಚ್ಚು ಒಲಿದರು.

ಕಾನೂನು ಮತ್ತು ನಂತರದ ಭಯ

ನಡುವೆ ಹೋಗದವರನ್ನು ಕೆಲವು ದೇಶಗಳ ಕಾನೂನು ಶಿಕ್ಷಿಸುತ್ತದೆ. ಫ್ರಾನ್ಸ್‌ನ ದಂಡಸಂಹಿತೆಯ 223-6ನೆಯ ವಿಧಿಯಂತೆ, ತನಗೆ ಅಪಾಯವಿಲ್ಲದೆ ತಡೆಯಬಹುದಾಗಿದ್ದ ದೈಹಿಕ ಹಲ್ಲೆಯನ್ನು ತಡೆಯದಿದ್ದರೆ, ಅಪಾಯದಲ್ಲಿದ್ದವರಿಗೆ ನೆರವಾಗದಿದ್ದರೆ 5 ವರ್ಷಗಳವರೆಗೆ ಸೆರೆಮನೆ, 75,000 ಯೂರೊ ದಂಡ ವಿಧಿಸಬಹುದು. ಜರ್ಮನಿಯ ದಂಡಸಂಹಿತೆಯ 323ಸಿ ವಿಧಿಯಲ್ಲಿ ಒಂದು ವರ್ಷದವರೆಗೆ ಸೆರೆಮನೆಯಿದೆ. ಅಲ್ಲಿ ‘ತ್ಸಿವಿಲ್‌ಕುರಾಜ್’, ಅಂದರೆ ನಾಗರಿಕ ಧೈರ್ಯ, ಸಾರ್ವಜನಿಕ ಮೌಲ್ಯವಾಗಿ ಬೆಳೆದಿದೆ. 2009ರಲ್ಲಿ ಮ್ಯೂನಿಕ್‌ನ ರೈಲುನಿಲ್ದಾಣವೊಂದರಲ್ಲಿ ಮಕ್ಕಳ ರಕ್ಷಣೆಗೆ ನಿಂತು ಸತ್ತ ಉದ್ಯಮಿಯೊಬ್ಬರಿಗೆ ಮರಣೋತ್ತರವಾಗಿ ರಾಷ್ಟ್ರ ಗೌರವ ಸಂದಿತು. ಇಂಗ್ಲೆಂಡಿನ ಮತ್ತು ಅಮೆರಿಕದ ಸಾಮಾನ್ಯ ಕಾನೂನು ಇದಕ್ಕೆ ವಿರುದ್ಧ: ವಿಶೇಷ ಸಂಬಂಧವಿಲ್ಲದಿದ್ದರೆ ಅಪರಿಚಿತನನ್ನು ಕಾಪಾಡುವ ಹೊಣೆ ಯಾರಿಗೂ ಇಲ್ಲ. ವರ್ಮಾಂಟ್‌ನಂಥ ಕೆಲವೇ ರಾಜ್ಯಗಳಲ್ಲಿ ಇದಕ್ಕೆ ಅಪವಾದಗಳಿವೆ. ವರ್ಮಾಂಟ್‌ನಲ್ಲಿಯೂ ದಂಡ 100 ಡಾಲರ್ ಮೀರದು.

ಚೀನದಲ್ಲಿ ಚರ್ಚೆ ಶುರುವಾದದ್ದು ನೆರವಾದವರಿಗೆ ಬಂದ ಕಷ್ಟದಿಂದ. 2006ರಲ್ಲಿ ನಾನ್‌ಜಿಂಗ್‌ನಲ್ಲಿ ಬಿದ್ದ ವೃದ್ಧೆಯೊಬ್ಬರನ್ನು ಆಸ್ಪತ್ರೆಗೆ ಸೇರಿಸಿದ ಯುವಕನೇ ಅವರಿಗೆ ಡಿಕ್ಕಿ ಹೊಡೆದಿರಬೇಕೆಂದು ನ್ಯಾಯಾಲಯ 2007ರಲ್ಲಿ ತೀರ್ಪಿತ್ತು, ಪರಿಹಾರ ಕಟ್ಟಲು ಹೇಳಿತು. ತಪ್ಪಿಲ್ಲದಿದ್ದರೆ ನೆರವಾಗುತ್ತಿದ್ದನೇಕೆ ಎಂಬ ತೀರ್ಪಿನ ತರ್ಕ ದೇಶವನ್ನೇ ಕೆರಳಿಸಿತು. ಡಿಕ್ಕಿಯಾದದ್ದನ್ನು ಯುವಕ ಒಪ್ಪಿಕೊಂಡಿದ್ದನೆಂದು ಅಧಿಕಾರಿಗಳು 2012ರಲ್ಲಿ ಹೇಳಿದರೂ, ನ್ಯೂಯಾರ್ಕಿನ ಕಥೆಯಂತೆಯೇ, ಜನರ ಮನಸ್ಸಿನಲ್ಲಿ ಉಳಿದದ್ದು ಮೊದಲ ಕಥೆ. 2011ರ ಅಕ್ಟೋಬರ್‌ನಲ್ಲಿ ಫೋಷಾನ್ ನಗರದಲ್ಲಿ ವಾಹನಗಳಡಿ ಸಿಕ್ಕಿ ಬಿದ್ದಿದ್ದ ಎರಡು ವರ್ಷದ ಮಗುವನ್ನು 18 ಮಂದಿ ದಾಟಿಹೋದ ದೃಶ್ಯ ಕ್ಯಾಮೆರಾದಲ್ಲಿ ಸಿಕ್ಕಿತು. ಕೊನೆಗೆ ಮಗುವನ್ನು ಎತ್ತಿದವರು ಚಿಂದಿ ಆಯುವ ಹೆಂಗಸು. 2013ರಲ್ಲಿ ಷೆನ್‌ಜೆನ್ ನಗರ, 2017ರಲ್ಲಿ ಇಡೀ ದೇಶ ನೆರವಾಗುವವರನ್ನು ಹೊಣೆಯಿಂದ ರಕ್ಷಿಸುವ ಕಾನೂನು ತಂದವು. ನ್ಯಾಯಕ್ಕಾಗಿ ಧೈರ್ಯದಿಂದ ಮುನ್ನುಗ್ಗಿದವರಿಗೆ ಸರ್ಕಾರ ಬಹುಮಾನ ಕೊಡುವ ಪದ್ಧತಿಯೂ ಅಲ್ಲಿದೆ. ಆ ಗುಣವನ್ನು ಸೂಚಿಸುವ ನುಡಿಗಟ್ಟಿನ ಬೇರು ಕನ್‌ಫ್ಯೂಶಿಯಸ್‌ನ ಬೋಧನೆಯಲ್ಲಿದೆ.

ಭಾರತದ ಸ್ಥಿತಿ ಚೀನಕ್ಕೆ ಹತ್ತಿರ. ಸೇವ್‌ಲೈಫ್ ಫೌಂಡೇಶನ್ 2013ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ರಸ್ತೆಯಲ್ಲಿ ಗಾಯಗೊಂಡವರಿಗೆ ನೆರವಾಗುವುದು ಅನುಮಾನವೆಂದು ಶೇ. 74ರಷ್ಟು ಮಂದಿ ಹೇಳಿದರು. ಅವರಲ್ಲಿ ಹೆಚ್ಚಿನವರು ಕೊಟ್ಟ ಕಾರಣ ಪೊಲೀಸ್ ವಿಚಾರಣೆ ಮತ್ತು ಕೋರ್ಟು ಕಚೇರಿ ಅಲೆದಾಟ. ಮೈಸೂರಿನವರ ಉತ್ತರದಲ್ಲಿ ಕಂಡ ಕರ್ತವ್ಯಭಾವಕ್ಕೂ ರಸ್ತೆಯಲ್ಲಿನ ಹಿಂಜರಿಕೆಗೂ ನಡುವೆ ಠಾಣೆಯ ಮೆಟ್ಟಿಲು ನಿಂತಿರುವುದು ಇಲ್ಲಿ ಗೊತ್ತಾಗುತ್ತದೆ. ಅದೇ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಮಾರ್ಚ್‌ನಲ್ಲಿ ನೆರವಾಗುವವರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ಅದೇ ವರ್ಷ ಪ್ರತ್ಯೇಕ ಮಸೂದೆಯನ್ನು ಅಂಗೀಕರಿಸಿತು, ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿತು. ಈ ರಕ್ಷಣೆಯ ಒತ್ತು ಅಪಘಾತದ ಗಾಯಾಳುಗಳ ಮೇಲಿದೆ. ಹಲ್ಲೆಯನ್ನು ತಡೆಯಲು ಹೋಗುವವರಿಗಿರುವ ಆಧಾರ ಭಾರತೀಯ ನ್ಯಾಯ ಸಂಹಿತೆಯ ಖಾಸಗಿ ರಕ್ಷಣೆಯ ಹಕ್ಕು. 35ನೆಯ ಸೆಕ್ಷನ್ನಿನಂತೆ ತನ್ನ ದೇಹವನ್ನಷ್ಟೇ ಅಲ್ಲ, ಬೇರೆ ಯಾರ ದೇಹವನ್ನಾದರೂ ರಕ್ಷಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. 2011ರಲ್ಲಿ ಮುಂಬಯಿಯ ಅಂಬೋಲಿಯಲ್ಲಿ ಗೆಳತಿಯರಿಗೆ ಕಿರುಕುಳ ಕೊಟ್ಟವರನ್ನು ಎದುರಿಸಿದ ಇಬ್ಬರು ಯುವಕರು ಜನರ ಕಣ್ಣೆದುರೇ ಇರಿತಕ್ಕೊಳಗಾಗಿ ಸತ್ತದ್ದು, ಈ ಹಕ್ಕನ್ನು ಒಂಟಿಯಾಗಿ ಬಳಸುವುದರ ಅಪಾಯವನ್ನು ತೋರಿಸಿತು.

ಗುಂಪೇ ಹಿಂಸೆಗಿಳಿದಾಗ

ಮಧ್ಯಪ್ರವೇಶವೆಲ್ಲ ರಕ್ಷಣೆಯಲ್ಲ. ಕಳ್ಳನೆಂದು ಸಿಕ್ಕವನಿಗೆ ದಾರಿಹೋಕರು ಕೊಡುವ ಪೆಟ್ಟಿಗೆ ಕನ್ನಡ ಪತ್ರಿಕೆಗಳು ‘ಧರ್ಮದೇಟು’ ಎನ್ನುತ್ತವೆ, ಆ ಹೆಸರಿನಲ್ಲೇ ಸಮ್ಮತಿಯಿದೆ. 2018ರಲ್ಲಿ ಮಕ್ಕಳ ಕಳ್ಳರ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿದ ವದಂತಿಗಳು ದೇಶದ ಹಲವೆಡೆ ಕೊಲೆಗಳಿಗೆ ಕಾರಣವಾದವು. ಆ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ತಂತ್ರಜ್ಞರೊಬ್ಬರು ಹೀಗೆ ಸತ್ತರು. ಪೊಲೀಸರ ಮೇಲೆ ನಂಬಿಕೆ ಕಡಿಮೆಯಿರುವ ದಕ್ಷಿಣ ಆಫ್ರಿಕದ ಬಡಾವಣೆಗಳಲ್ಲೂ ಇಂಥ ‘ಜನನ್ಯಾಯ’ ಸಾಮಾನ್ಯ. ಗುಂಪುಹತ್ಯೆಗೆ ಭಾರತೀಯ ನ್ಯಾಯ ಸಂಹಿತೆಯ 103(2) ಸೆಕ್ಷನ್ ಮರಣದಂಡನೆಯವರೆಗೆ ಶಿಕ್ಷೆ ಇಟ್ಟಿದೆ. ಇಲ್ಲಿ ‘ನಮ್ಮ ವಿಷಯ’ ಎಂದುಕೊಂಡು ನುಗ್ಗುವವರು ಬೇಕಾದಷ್ಟಿದ್ದಾರೆ, ಆ ಗುಂಪಿಗೆ ಎದುರು ನಿಲ್ಲುವ ದಾರಿಹೋಕರೇ ವಿರಳ.

ಹಿಂಸೆ ಮಾಡುವವರು ಅಧಿಕಾರದಲ್ಲಿರುವವರೇ ಆದಾಗ ಕೈ ಹಾಕುವ ದಾರಿ ಬಹುಮಟ್ಟಿಗೆ ಮುಚ್ಚಿರುತ್ತದೆ. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸರು ಜಾರ್ಜ್ ಫ್ಲಾಯ್ಡ್‌ರನ್ನು ನೆಲಕ್ಕೊತ್ತಿ ಹಿಡಿದಿದ್ದಾಗ ಸುತ್ತ ನಿಂತವರು ಬಿಡಿ ಎಂದು ಮತ್ತೆ ಮತ್ತೆ ಕೂಗಿದರು. ಹದಿನೇಳು ವರ್ಷದ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಚಿತ್ರೀಕರಿಸಿದಳು. ಸುಮ್ಮನೆ ಮೊಬೈಲು ಹಿಡಿದು ನಿಲ್ಲುವುದನ್ನು ಹೃದಯಹೀನತೆಯೆಂದು ಹಳಿಯುವುದುಂಟು, ಆದರೆ ಆ ಚಿತ್ರಣವೇ ವಿಚಾರಣೆಯಲ್ಲಿ ಪ್ರಮುಖ ಸಾಕ್ಷ್ಯವಾಯಿತು.

ಬದಲಾವಣೆಯ ಪ್ರಯತ್ನಗಳು

ಬಾಯಲ್ಲಿ ಬರುವ ಗಾದೆಯನ್ನು ಬದಲಿಸುವುದು ಕಷ್ಟ, ಆದರೆ ಮಾಡಬೇಕಾದ ಕೆಲಸವನ್ನು ಸಣ್ಣದಾಗಿಸಬಹುದು. ಬ್ರೇಕ್‌ಥ್ರೂ ಸಂಸ್ಥೆ 2008ರಲ್ಲಿ ಭಾರತದಲ್ಲಿ ಆರಂಭಿಸಿದ ‘ಬೆಲ್ ಬಜಾವೊ’ ಪ್ರಚಾರ ಇಂಥದ್ದು. ಪಕ್ಕದ ಮನೆಯಿಂದ ಹೆಂಗಸನ್ನು ಹೊಡೆಯುವ ಸದ್ದು ಕೇಳಿದ ಗಂಡಸು ಎದ್ದುಹೋಗಿ ಕರೆಗಂಟೆ ಒತ್ತುತ್ತಾನೆ. ಬಾಗಿಲು ತೆರೆದವನೊಡನೆ ಜಗಳವಾಡುವುದಿಲ್ಲ, ಯಾವುದೋ ಸಣ್ಣ ನೆಪ ಹೇಳುತ್ತಾನೆ. ಸದ್ದು ಹೊರಗೆ ಕೇಳುತ್ತಿದೆ ಎಂಬುದು ಒಳಗಿದ್ದವನಿಗೆ ಗೊತ್ತಾದರೆ ಸಾಕು. ಅಮೆರಿಕದ ಕಾಲೇಜುಗಳಲ್ಲಿ ನಡೆಯುವ ‘ಗ್ರೀನ್ ಡಾಟ್’ ಮುಂತಾದ ತರಬೇತಿಗಳೂ ನೇರ ಎದುರಿಸುವಿಕೆಯ ಜೊತೆಗೆ ಗಮನ ಬೇರೆಡೆ ಸೆಳೆಯುವುದು, ಇತರರನ್ನು ಕರೆಯುವುದು ಮೊದಲಾದ ದಾರಿಗಳನ್ನು ಕಲಿಸುತ್ತವೆ. ರುವಾಂಡದಲ್ಲಿ ನರಮೇಧದ ಬಳಿಕ ಮನೋವಿಜ್ಞಾನಿ ಎರ್ವಿನ್ ಸ್ಟೌಬ್ ಅವರ ನೆರವಿನಿಂದ 2004ರಲ್ಲಿ ಶುರುವಾದ ‘ಮುಸೆಕೆವೆಯಾ’ ಎಂಬ ರೇಡಿಯೊ ಧಾರಾವಾಹಿ, ಗುಂಪಿನ ಹಿಂಸೆಗೆ ಮೊದಲೇ ದನಿಯೆತ್ತುವ ಪಾತ್ರಗಳನ್ನು ಹಳ್ಳಿಗಳ ಕಥೆಯೊಳಗೆ ತಂದಿತು.

ಅಧ್ಯಯನಗಳ ಮಿತಿ

ಈವರೆಗಿನ ಪ್ರಯೋಗಗಳಲ್ಲಿ ಹೆಚ್ಚಿನವು ಪಶ್ಚಿಮದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳ ಮೇಲೆ ನಡೆದವು. ಸಿಸಿಟಿವಿ ಅಧ್ಯಯನ ಆರಿಸಿಕೊಂಡದ್ದು ಮೂರು ನಗರಗಳ ಬೀದಿಗಳನ್ನು, ಅದರಲ್ಲಿ ಏಷ್ಯದ ಒಂದೂ ಇಲ್ಲ. ಕ್ಯಾಮೆರಾಕ್ಕೆ ಮನೆಯ ಒಳಗು ಕಾಣುವುದಿಲ್ಲ, ಸಮೀಕ್ಷೆಗೆ ಸಿಗುವುದು ಜನ ಹೇಳಿಕೊಳ್ಳುವ ಮಾತು ಮಾತ್ರ. ಪ್ರಸಿದ್ಧ ಘಟನೆಗಳೋ, ನೆರವು ಸಿಗದ್ದರಿಂದಲೇ ಪ್ರಸಿದ್ಧವಾದವು. ಯಾರೋ ನಡುವೆ ಕೈಯಿಟ್ಟು ನಿಲ್ಲಿಸಿದ ಜಗಳ ಸುದ್ದಿಯಾಗುವುದಿಲ್ಲ. ಆದ್ದರಿಂದ ಒಂದು ದೇಶದ ಜನ ಧೈರ್ಯಶಾಲಿಗಳು, ಇನ್ನೊಂದರವರು ಹೇಡಿಗಳು ಎಂದು ಒಂದೆರಡು ಘಟನೆಗಳಿಂದ ತೀರ್ಮಾನಿಸುವುದು ಸರಿಯಲ್ಲ. ಬೀದಿಯಲ್ಲಿ ಜಗಳ ಬಿಡಿಸಲು ಓಡುವವನೇ ಪಕ್ಕದ ಮನೆಯ ಕೂಗಿಗೆ ಟಿ.ವಿ. ಸದ್ದು ಹೆಚ್ಚಿಸಿಕೊಳ್ಳಬಹುದು. ಹೋಲಿಸಬೇಕಾದದ್ದು ಎರಡು ದೇಶಗಳನ್ನಷ್ಟೇ ಅಲ್ಲ, ಒಂದೇ ಊರಿನ ಬೀದಿಯನ್ನೂ ಬಾಗಿಲನ್ನೂ.